ಹರಿಗೋಲಿಗೆ ಹಾಸಿದ ಚಾಪೆ

ಕಳೆದ ವಾರ ನಮ್ಮ ಸೋದರತ್ತೆ ಒಂದು ಹರಿಗೋಲಿನ ಕಣ್ಣು ಕಟ್ಟಿದರು. ಹರಿಗೋಲಿಗೆ ಕಣ್ಣೇ? ಇದೆ, ಕೇಳಿ.

ಮದ್ರಾಸಿನಲ್ಲಿ ಬಿ.ಎ. ಓದುವಾಗ ಒಮ್ಮೆ ಸ್ಟೀಮರ್ ಹತ್ತಿ ನೋಡಿದ್ದೆ. ತಳದಲ್ಲಿ ಸೇರಿದ ನೀರನ್ನು ಅಳೆಯಲು ಕಬ್ಬಿಣದ ಸಲಾಕೆ, ಹೊರಹಾಕಲು ಪಂಪು. (ಸಲಾಕೆಯೋ, ಸರಪಳಿಯೋ? ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ.) ನಮ್ಮ ಹೊಳೆದಡದ ಕೆಂಚನಗುಡ್ಡದ ಹರಿಗೋಲಿನಲ್ಲಿ ಪಂಪು ಎಂದರೆ ತೆಂಗಿನ ಚಿಪ್ಪು. ಸಲಾಕೆ ಎಂದರೆ ಅಂಬಿಗ ಹುಲುಗಪ್ಪನ ಕಣ್ಣು. ಬಿದಿರ ಬುಟ್ಟಿಗೆ ಬಿಗಿದ ಚರ್ಮದ ಹೊಲಿಗೆ ಎಲ್ಲಿ ಕಪ್ಪಾಯಿತೋ ಅಲ್ಲಿ ನೀರು ಜಿನುಗುತ್ತಿದೆ. ಕೂಡಲೇ ಕೊಬ್ಬು ಮೆತ್ತಿದ ಬಟ್ಟೆ ತುರುಕುತ್ತಾನೆ.

ಆಚೆ ದಡದ ಊರಲ್ಲಿ ಅತ್ತೆಯ ಮಗಳು ರುಕ್ಕು ಜ್ವರದಿಂದ ಮಲಗಿದ್ದಳು. ಉಳಿಯುವುದು ಕಷ್ಟ, ಅಮ್ಮನನ್ನೇ ಕೇಳುತ್ತಿದ್ದಾಳೆ ಎಂದು ಸುದ್ದಿ ಬಂತು. ಕುರುಗೋಡಿನಿಂದ ಅತ್ತೆಯನ್ನು ಗಾಡಿಯಲ್ಲಿ ಕೆಂಚನಗುಡ್ಡದ ದಡಕ್ಕೆ ಕರೆತಂದೆ. ಹೊಳೆ ತುಂಬಿತ್ತು.

ಅತ್ತೆ ಹರಿಗೋಲು ನೋಡಿದರು. ಸೆರಗಿನಿಂದ ಮೂಗು ಮುಚ್ಚಿದರು.

“ಸತ್ತ ದನದ ತೊಗಲಿನ ಮ್ಯಾಲೆ ನಾ ಕೂಡೂದಿಲ್ಲ. ಚಾಪಿ ಹಾಸು, ಎರಡು ಪದರ.”

“ತಳಾ ಕಾಣಂಗಿಲ್ರೀ ಅಮ್ಮಾರೆ.”

“ತಳಾ ನೋಡ್ಲಿಕ್ಕೆ ನಿಂತೀಯೋ, ಹುಟ್ಟು ಹಾಕ್ಲಿಕ್ಕೆ ನಿಂತೀಯೋ?”

“ಎರಡಕ್ಕೂ ನಾನ ಅದೀನ್ರಿ” ಎಂದು ಹುಲುಗಪ್ಪ ನಕ್ಕ. ಆದರೂ ಹಾಸಿದ.

ನಾನು ಬೇಡ ಎಂದೆನೇ? ಎಂದೆ ಅಂತಲೇ ನೆನಪು. ಆದರೆ ಯಾರೂ ಕೇಳಿಸಿಕೊಂಡಂತಿಲ್ಲ. (ಓದುಗರೇ, ನಿಮ್ಮ ಮನೆಯಲ್ಲೂ ಇಂಥ ಚಾಪೆಗಳಿಲ್ಲವೇ? ಕಣ್ಣಿಗೆ ಬೀಳದಿದ್ದರೆ ಇಲ್ಲವೆಂದೇ ನಮ್ಮ ಲೆಕ್ಕ.)

ನಡುಹೊಳೆ ಮುಟ್ಟುವ ಮುನ್ನವೇ ಚಾಪೆ ನೆನೆಯಿತು. ಕಿತ್ತು ನೋಡಿದರೆ ಹೊಲಿಗೆ ಉದ್ದಕ್ಕೂ ಬಿಟ್ಟಿತ್ತು. ಚಿಪ್ಪಿನಲ್ಲಿ ಮೊಗೆದಷ್ಟೂ ನೀರು. ಹುಲುಗಪ್ಪ ಹೊರಟ ದಡಕ್ಕೇ ತಿರುಗಿಸಿದ. ಅತ್ತೆ ಆಚೆ ದಡದ ಕಡೆ ಕೈ ಚಾಚಿ “ರುಕ್ಕೂ!” ಎಂದು ಕೂಗಿದರು. ಅಷ್ಟು ದೂರಕ್ಕೆ ಯಾರಿಗೆ ಕೇಳಿಸೀತು?

ನಮ್ಮ ಜೀವವೇನೋ ಉಳಿಯಿತು. ಈ ದಡದಲ್ಲಿ ಬೇರೆ ಹರಿಗೋಲಿರಲಿಲ್ಲ; ಚರ್ಮಕ್ಕೆ ಹೊಲಿಗೆ ಹಾಕಿ ಮುಗಿಸುವಷ್ಟರಲ್ಲಿ ಕತ್ತಲಾಯಿತು. ಕತ್ತಲಲ್ಲಿ ತುಂಬಿದ ಹೊಳೆಗೆ ಯಾವ ಅಂಬಿಗ ಇಳಿಯುತ್ತಾನೆ?

ಬೆಳಗ್ಗೆ ಆಚೆಯಿಂದ ಬಂದ ಮೊದಲ ಹರಿಗೋಲೇ ಸುದ್ದಿ ತಂದಿತು. ರುಕ್ಕು ಹೋಗಿದ್ದಳು.

ಹುಲುಗಪ್ಪ ಚಾಪೆಗಳನ್ನು ಹಿಡಿದು ತಲೆ ತಗ್ಗಿಸಿ ನಿಂತಿದ್ದ. ಅತ್ತೆ ಅವನನ್ನು ದಾಟಿ ಹೋಗಿ ಬರೀ ತೊಗಲಿನ ಮೇಲೆ ಕೂತುಬಿಟ್ಟರು.

“ಚಾಪಿ, ಅತ್ತೀ?” ಎಂದೆ.

“ಸೂತಕ ಬಂತಲ್ಲೋ. ಇನ್ನ ಯಾತರ ಮಡಿ?”