ಮಗಳ ಕೋರೆಹಲ್ಲಿಗೆ ದಾರಿ ತೋರಿದ ಸ್ವಾಮಿ

ನನ್ನ ಮಗಳು ಹರ್ಷಿತಾ ಏಳನೇ ತರಗತಿಯಲ್ಲಿದ್ದಾಗ ಅವಳ ಮುಂದಿನ ಹಲ್ಲೊಂದು ಅಲ್ಲಾಡತೊಡಗಿತು. ಹಾಲುಹಲ್ಲಲ್ಲ, ಜೀವಮಾನಕ್ಕೆಂದು ಬಂದ ಹಲ್ಲು. ಭಕ್ತ ಬಂಧುಗಳೇ, ಅದು ಅಲ್ಲಾಡಿದ್ದು ನನ್ನಿಂದ.

ಅದಕ್ಕೆ ಎರಡು ವರ್ಷ ಮುಂಚೆಯೇ ಅವಳನ್ನು ತಾಯಲೂರಿನಿಂದ ಕೋಲಾರದ ಹಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಹಲ್ಲಿನ ಮೇಲೆ ಹಲ್ಲು ಹತ್ತಿತ್ತು, ಕಚ್ಚಿದರೆ ಮೇಲಿನ ಸಾಲು ಕೆಳಗಿನ ಸಾಲಿಗೆ ಕೂರುತ್ತಿರಲಿಲ್ಲ. ಡಾಕ್ಟರಮ್ಮ ಬಾಯಿಯ ಅಚ್ಚು ತೆಗೆದು, ಒಂದೊಂದು ಹಲ್ಲನ್ನೂ ಅಳೆದು, ಹಲ್ಲು ಅಗಲ, ದವಡೆಯ ಕಮಾನು ಇಕ್ಕಟ್ಟು ಎಂದರು. ನಾವು ರೇಷ್ಮೆ ಸಾಕುವವರು. ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗೆ ಹುಳ ಹೆಚ್ಚಾಗಿ ಬಿಟ್ಟರೆ ಒಂದಕ್ಕೊಂದು ಅಂಟಿಕೊಂಡು ಗೂಡು ಕಟ್ಟುತ್ತವೆ, ಹಾಗಾಗಿ ಬೇಗ ಅರ್ಥವಾಯಿತು. ಹಲ್ಲು ಅವರಪ್ಪನದು, ದವಡೆ ನನ್ನದು. ನನ್ನ ಬಾಯಿಯೂ ಹಾಗೇ. ಹುಡುಗಿಯಾಗಿದ್ದಾಗಿನಿಂದ ಬಾಯಿಗೆ ಕೈಯೋ ಸೆರಗೋ ಅಡ್ಡ ಇಟ್ಟುಕೊಂಡೇ ನಗುವವಳು ನಾನು.

ಮೇಲಿನ ಕೋರೆಹಲ್ಲೊಂದು ಒಸಡಿನೊಳಗೆ ಓರೆಯಾಗಿ ಮಲಗಿತ್ತು. ಅದರ ಜಾಗದಲ್ಲಿ ಕೂತಿದ್ದ ಹಾಲುಹಲ್ಲನ್ನು ಕಿತ್ತು, ಕಮಾನು ಅಗಲವಾಗಲು ಪ್ಲೇಟು ಹಾಕಬೇಕು, ತಡ ಮಾಡಿದರೆ ಕೋರೆ ಪಕ್ಕದ ಹಲ್ಲಿನ ಬೇರನ್ನು ತಿನ್ನುತ್ತದೆ ಎಂದರು. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ನಮ್ಮ ದೊಡ್ಡಪ್ಪನಿಗೆ ಹಾಗೇ ಆಗಿತ್ತು. ದೊಡ್ಡಪ್ಪನಿಗೆ ಆಗ ಎಪ್ಪತ್ತು ದಾಟಿ ಕಣ್ಣಿಗೆ ಪೊರೆ ಬಂದಿತ್ತು ಎಂಬುದು ನನಗೆ ನೆನಪಾಗಲಿಲ್ಲ. ಮುಂದಿನ ವಾರ ಬರುತ್ತೇವೆಂದು ಹೇಳಿ ಬಸ್ಸು ಹತ್ತಿದವಳು ಮತ್ತೆ ಹೋಗಲೇ ಇಲ್ಲ. ಮುಳಬಾಗಿಲಿನಲ್ಲಿ ಇಳಿದು, ಕೀಳದೇನೇ ಸರಿಮಾಡಪ್ಪ ಎಂದು ಆಂಜನೇಯಸ್ವಾಮಿಗೆ ಹರಕೆ ಹೊತ್ತೆ. ಮನೆಯವರು ಕೇಳಿದಾಗಲೆಲ್ಲ ಸ್ವಾಮಿ ನೋಡಿಕೊಳ್ಳುತ್ತಾನೆ ಅನ್ನುತ್ತಿದ್ದೆ. ನನ್ನ ಹೆದರಿಕೆಗೆ ಭಕ್ತಿಯ ಹೆಸರಿಟ್ಟುಕೊಂಡಿದ್ದೆ.

ಹಲ್ಲು ಅಲ್ಲಾಡಿದ ಮೇಲೆ ಮತ್ತೆ ಅದೇ ಆಸ್ಪತ್ರೆ. ಎಕ್ಸ್‌ರೇ ನೋಡಿದ ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಬೇರು ಸವೀತಾ ಇದೆ ಅಮ್ಮಾ. ಜಾಗ ಮಾಡಿ ನೋಡೋಣ. ಕೋರೆ ಪಕ್ಕಕ್ಕೆ ಸರಿದ್ರೆ ಈ ಹಲ್ಲು ಉಳಿಯುತ್ತೆ. ಇಲ್ಲಾಂದ್ರೆ ಒಸಡು ಕೊಯ್ದು ಅದನ್ನ ಎಳೀಬೇಕು, ಈ ಹಲ್ಲಿನ ಆಸೆ ಬಿಡಬೇಕು.”

ಅವತ್ತೇ ಹಾಲುಹಲ್ಲು ಕೀಳಿಸಿದೆ. ವಾಪಸು ಬರುವಾಗ ಬಸ್ಸಿನಲ್ಲಿ ಹರ್ಷಿತಾ ಬಾಯಲ್ಲಿ ಹತ್ತಿ ಕಚ್ಚಿಕೊಂಡು, ಒಂದೊಂದೇ ಕಣ್ಣು ಮುಚ್ಚಿ ಹೊರಗಿನ ಅಂಗಡಿ ಬೋರ್ಡುಗಳನ್ನು ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ವಾಲಿ, “ಎರಡೂ ಕಾಣ್ತದೆ ಕಣಮ್ಮ” ಅಂದಳು. ನಾನೇಕೆ ಎರಡು ವರ್ಷ ತಪ್ಪಿಸಿಕೊಂಡೆನೆಂದು ಅವಳಿಗೆ ಗೊತ್ತಿತ್ತು. ಮುಳಬಾಗಿಲು ಬರುವವರೆಗೆ ನಾನು ಅವಳ ಮುಖ ನೋಡಲಿಲ್ಲ.

ಆಮೇಲೆ ಹಾಕಿದ ಪ್ಲೇಟಿಗೊಂದು ಸಣ್ಣ ಕೀಲಿ ಕೊಟ್ಟಿದ್ದರು. ವಾರಕ್ಕೊಮ್ಮೆ ನಾನೇ ತಿರುಗಿಸಬೇಕು. ತಿರುಗಿಸಿದಾಗ ದವಡೆ ಬಿಗಿದು ಮಗುವಿನ ಕಣ್ಣಲ್ಲಿ ನೀರು ಬರುತ್ತಿತ್ತು. ವಜ್ರಾಯುಧದ ಪೆಟ್ಟನ್ನು ದವಡೆಗೆ ತಿಂದ ಸ್ವಾಮಿ, ಈ ನೋವು ನಿನಗಲ್ಲದೆ ಇನ್ಯಾರಿಗೆ ಗೊತ್ತು, ತಪ್ಪು ನನ್ನದು, ಹಲ್ಲು ಅವಳದು, ಉಳಿಸಿಕೊಡು ಎಂದು ಬೇಡುತ್ತಿದ್ದೆ. ಶನಿವಾರ ಶನಿವಾರ ಗುಡಿಗೆ ಹೋದೆ. ಆದರೂ ನಡುವೆ ತೆಗೆಸಿದ ಎಕ್ಸ್‌ರೇಯಲ್ಲಿ ಕೋರೆ ಇದ್ದಲ್ಲೇ ಇತ್ತು. ದಸರಾ ರಜೆ ಕಳೆದ ಮೇಲೆ ಒಸಡು ಕೊಯ್ಯುವುದೆಂದು ನಿಗದಿಯಾಯಿತು. ನನಗೆ ಅನ್ನ ಸೇರುತ್ತಿರಲಿಲ್ಲ. ಹುಳಕ್ಕೆ ಸೊಪ್ಪು ಹಾಕುವುದನ್ನೇ ಒಂದು ದಿನ ಮರೆತು ಮನೆಯವರಿಂದ ಬೈಸಿಕೊಂಡೆ.

ಕೊಯ್ಯುವ ಮುಂಚೆ ಮತ್ತೊಂದು ಎಕ್ಸ್‌ರೇ ತೆಗೆದರು. ಡಾಕ್ಟರಮ್ಮ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಹಿಡಿದು ಸುಮಾರು ಹೊತ್ತು ನೋಡಿದರು.

“ಕೊಯ್ಯೋದು ಬೇಡ. ತಾನಾಗೇ ಸರಿದು ದಾರಿ ಹಿಡಿದಿದೆ. ಇಷ್ಟು ತಡವಾದ್ಮೇಲೆ ಹೀಗೆ ಬರೋದು ಕಮ್ಮಿ ಅಮ್ಮಾ” ಅಂದರು.

ಸಂಕ್ರಾಂತಿಯ ಹೊತ್ತಿಗೆ ಒಸಡಿನಲ್ಲಿ ಅಕ್ಕಿಕಾಳಿನಷ್ಟು ಬಿಳಿ ಕಂಡಿತು. ಅಲ್ಲಾಡುತ್ತಿದ್ದ ಹಲ್ಲು ಗಟ್ಟಿಯಾಯಿತು. ಇದು ವೈದ್ಯದ ಗುಣ ಎಂದು ಕೆಲವರು ಹೇಳಬಹುದು, ನಾನು ಜಗಳವಾಡುವುದಿಲ್ಲ. ಸ್ವಾಮಿ ಮೊದಲ ಸಲವೇ ಆ ಡಾಕ್ಟರಮ್ಮನ ಬಾಯಿಂದ ಉತ್ತರ ಕೊಟ್ಟಿದ್ದ. ಕೇಳಿಸಿಕೊಳ್ಳದವಳು ನಾನು, ಆದರೂ ಅವನು ಕೈಬಿಡಲಿಲ್ಲ.

ವಡೆಹಾರ ಒಪ್ಪಿಸಲು ಮೂವರೂ ಮುಳಬಾಗಿಲಿಗೆ ಹೋದೆವು. ಗುಡಿಯ ಹೊರಗೆ ಕೋತಿಯೊಂದು ಮನೆಯವರ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡು, ಎದುರಿಗೇ ಕೂತು ಸುಲಿದು ತಿಂದಿತು. ನಗು ತಡೆಯಲಾಗಲಿಲ್ಲ. ಹರ್ಷಿತಾಳೂ ನಕ್ಕಳು. ಆದರೆ ಅವಳ ಕೈ ಬಾಯಿಗೆ ಹೋಯಿತು. ಹಲ್ಲು ಸಾಲಿಗೆ ಬರುತ್ತಿದ್ದರೂ ಕೈ ಹೋಯಿತು. ನನ್ನ ಸೆರಗೂ ನನ್ನ ಬಾಯಿಯ ಮೇಲಿತ್ತು. ಯಾರೂ ಹೇಳಿಕೊಡದೆ ಮಗು ಅದನ್ನು ನನ್ನಿಂದಲೇ ಕಲಿತಿತ್ತು, ಆ ಕೈಯನ್ನು ಯಾವ ಡಾಕ್ಟರೂ ಇಳಿಸಲಾರರು.

ನಾನು ಸೆರಗು ಇಳಿಸಿದೆ. ಅಷ್ಟು ಜನರ ಮುಂದೆ, ನನ್ನ ಸೊಟ್ಟ ಹಲ್ಲುಗಳೆಲ್ಲ ಕಾಣುವಂತೆ ನಕ್ಕೆ. ಹರ್ಷಿತಾ ನನ್ನನ್ನೇ ನೋಡಿದಳು. ಆಮೇಲೆ ಅವಳ ಕೈಯೂ ಇಳಿಯಿತು.

ಒಳಗೆ ವಡೆಹಾರ ಒಪ್ಪಿಸಿ ಕೈಮುಗಿದೆ. ಈಗ ಅವನಲ್ಲಿ ಹೊಸದಾಗಿ ಬೇಡಲು ನನಗೇನೂ ಉಳಿದಿಲ್ಲ. ಸೆರಗು ಮಾತ್ರ ಆಗಾಗ ಮರೆತು ಬಾಯಿಗೆ ಹೋಗುತ್ತದೆ, ಆಗ ಅವನನ್ನು ನೆನೆದು ಇಳಿಸುತ್ತೇನೆ.