ಬೀಗರ ಎಲೆಯ ತುಪ್ಪ

ತೊಂಬತ್ತರ ದಶಕದಲ್ಲಿ ಕಲಬುರ್ಗಿಯ ನಮ್ಮ ಮನೆಗೆ ಕೊಲೆಸ್ಟ್ರಾಲ್ ಎಂಬ ಹೊಸ ನೆಂಟ ಬಂದ. ಠಿಕಾಣಿ ಹೂಡಿದ್ದು ಕಾಕಾನ ರಕ್ತದಲ್ಲಿ. ಆಗಲೇ ಒಮ್ಮೆ ಎದೆನೋವಿನಿಂದ ಆಸ್ಪತ್ರೆ ಕಂಡಿದ್ದ ಆತನಿಗೆ ಡಾಕ್ಟರು ತುಪ್ಪ, ಕರಿದದ್ದು ಬಿಡಿಸಿ, ದಿನಾ ನಡೆಯಲು ಹೇಳಿದರು. "ಇನ್ನೊಮ್ಮೆ ನೋವು ಬಂತಂದ್ರ ನಮ್ಮ ಕೈಯಾಗಿಲ್ಲ" ಎಂದೂ ಅಂದರು. ಕಾಕಾ ನಡೆದ. ಐವಾನ್-ಎ-ಶಾಹಿಯಿಂದ ಸ್ಟೇಶನ್ ಬಜಾರದವರೆಗೆ ನಡೆದು, ಅಲ್ಲಿ ಬಿಸಿ ಭಜಿ ತಿಂದು, ದಣಿವಾಯಿತೆಂದು ಆಟೋದಲ್ಲಿ ಮರಳುತ್ತಿದ್ದ. ಆತನ ಹೆಂಡತಿ, ನಮ್ಮ ಕಾಕಿ, ಆತನ ಅಂಗಿಯ ವಾಸನೆ ಹಿಡಿದು ಅದಕ್ಕೂ ಕಲ್ಲು ಹಾಕಿದಳು. ತುಪ್ಪದ ಡಬ್ಬಿ ಟ್ರಂಕಿನಲ್ಲಿ ಸೀರೆಗಳ ನಡುವೆ ಹೋಗಿ ಕೂತಿತು.

ಹೀಗಿರುವಾಗ ಕಾಕಾ ತನ್ನ ಮಗಳನ್ನು ಕೊಟ್ಟಿದ್ದ ಕಮಲಾಪುರದ ಬೀಗರಿಂದ ಊಟಕ್ಕೆ ಕರೆ ಬಂತು. ನಾನೂ ಹೊರಟೆ. ಬಸ್ಸಿನಲ್ಲಿ ಕಾಕಾ ಕಾಕಿಗೆ ತಾಕೀತು ಮಾಡಿದ: "ಬೀಗರ ಮುಂದ ಜಡ್ಡು-ಗಿಡ್ಡು ಅನಬ್ಯಾಡ. ತುಪ್ಪ ಬ್ಯಾಡಂದ್ರ ಹೆಣ್ಣು ಕೊಟ್ಟವರ ಇಜ್ಜತ್ ಹೋಗ್ತದ."

"ಜೀವ ಹೋದ್ರ ನಡೀತದೇನು?" ಎಂದಳು ಕಾಕಿ.

ನಮ್ಮ ಕಡೆ ಬೀಗರ ಪಂಕ್ತಿಯೆಂದರೆ ಕುಸ್ತಿ. ಉಣ್ಣುವವನು ಎಲೆಗೆ ಕೈ ಅಡ್ಡ ಹಿಡಿಯಬೇಕು, ಬಡಿಸುವವರು ಕೈ ಸರಿಸಿ ಸುರಿಯಬೇಕು. ಬೇಡವೆಂದಷ್ಟೂ ಹೆಚ್ಚು ಬೀಳುತ್ತದೆ. ನಿಜಕ್ಕೂ ಬೇಡದವನ ಗತಿಯೇನೆಂದು ನಮ್ಮ ಹಿರಿಯರು ಯೋಚಿಸಿಯೇ ಇಲ್ಲ. ಬೀಗತಿ ಹೋಳಿಗೆ ಮುಳುಗುವಂತೆ ತುಪ್ಪ ಸುರಿದರು. ಕಾಕಾ ಕೈಯೇನೋ ಅಡ್ಡ ಹಿಡಿದ, ಬೆರಳು ಮಾತ್ರ ಅಗಲಿಸಿಕೊಂಡಿದ್ದ. ಪಕ್ಕದ ಎಲೆಯಲ್ಲಿ ಬೀಗರೂ ಹಿಂದೆ ಬೀಳದೆ ಹಾಕಿಸಿಕೊಂಡರು.

ತುಪ್ಪದ ಗಿಂಡಿ ಮತ್ತೆ ಬಂದಾಗ ಕಾಕಿ ಎದ್ದೇ ನಿಂತಳು. "ಸಾಕ್ರೀ ಅಕ್ಕಾರ. ಇವರ ರಕ್ತದಾಗ ಕೊಬ್ಬು ಏರ್ಯಾದ. ಇಜ್ಜತ್ ಬೇಕಾದ್ರ ನಿಮ್ಮ ಮನ್ಯಾಗ ಇಟ್ಟು ಹೋಗ್ತೀವಿ, ಗಂಡನ್ನ ಮಾತ್ರ ನನಗ ಬಿಡ್ರಿ."

ಬೀಗತಿ ಗಿಂಡಿ ಕೆಳಗಿಟ್ಟು ತಮ್ಮ ಯಜಮಾನರತ್ತ ತಿರುಗಿದರು. "ಕೇಳಿದ್ರೇನು? ನಿಮಗೂ ಡಾಕ್ಟರ ಅದೇ ಹೇಳ್ಯಾರ. ಬೀಗರ ಮುಂದ ಮರ್ಯಾದಿ ಹೋಗ್ತದಂತ ನನ್ನ ಬಾಯಿ ಮುಚ್ಚಿಸಿದ್ರಿ!"

ಇಬ್ಬರು ಮರ್ಯಾದಸ್ಥರ ಎಲೆಯೂ ಬದಲಾಗಿ ಒಣ ಹೋಳಿಗೆ ಬಿತ್ತು.

ಉಂಡ ಮೇಲೆ ಹೆಂಗಸರು ಇಬ್ಬರನ್ನೂ ಮುಂದೆ ಬಿಟ್ಟು ಬಸ್ ಸ್ಟ್ಯಾಂಡಿನವರೆಗೆ ನಡೆಸಿದರು. ಭಜಿ ಬಂಡಿಯೆದುರು ಗಂಡಸರ ಹೆಜ್ಜೆ ಸಣ್ಣಗಾಯಿತು.

"ವಾಸನ್ಯಾಗ ಕೊಲೆಸ್ಟ್ರಾಲ್ ಇರೂದಿಲ್ಲಲ್ರೀ?" ಎಂದು ಬೀಗರು ಪಿಸುಗುಟ್ಟಿದರು.

"ಇರ್ತದ, ನಡೀರಿ!" ಎಂದಳು ಹಿಂದಿನಿಂದ ಕಾಕಿ.