ಯಾರಿಗೂ ಅರ್ಥವಾಗದ ಭಾಷೆ

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಜಪಾನಿನಲ್ಲಿರುವ ನಮ್ಮವರಿಗೆ ಇದೊಂದು ಚಟ. ರೈಲಿನಲ್ಲಿ, ಕೊಂಬಿನಿ ಅಂಗಡಿಯ ಸಾಲಿನಲ್ಲಿ, ಎದುರಿಗೆ ನಿಂತವರ ಬಗ್ಗೆಯೇ ಕನ್ನಡದಲ್ಲಿ ಆಡಿಕೊಳ್ಳುತ್ತೇವೆ. ಯಾರಿಗೆ ಅರ್ಥವಾಗಬೇಕು? ನನ್ನ ನಾಲಿಗೆ ಮೊದಲೇ ಉದ್ದ. ಇಲ್ಲಿಗೆ ಬಂದ ಮೇಲೆ ಅದಕ್ಕೆ ಲಂಗುಲಗಾಮು ಇಲ್ಲದಂತಾಯಿತು.

ಟೋಕಿಯೋದ ಕನ್ನಡ ಮಕ್ಕಳಿಗೆ ಆನ್‌ಲೈನಿನಲ್ಲಿ ಕನ್ನಡ ಕಲಿಸುವುದು ನನ್ನ ಕೆಲಸ. ಗಂಡನನ್ನು ಆಫೀಸಿನವರು ಕೆಲವು ವಾರಗಳ ಮಟ್ಟಿಗೆ ಕ್ಯೋಟೋಗೆ ಕಳಿಸಿದಾಗ ನಾನೂ ಹೊರಟೆ. ಪಾಠ ಎಲ್ಲಿಂದ ಮಾಡಿದರೇನು? ಮರದ ಮನೆಗಳ ಹಳೇ ಗಲ್ಲಿಗಳನ್ನು ಸುತ್ತುವುದು, ಹೊತ್ತಾದಾಗ ನದಿ ದಂಡೆಯ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಪಾಠ ಶುರು ಮಾಡುವುದು. ಎಂಥ ಜಾಣೆ ನಾನು ಎಂದು ಒಳಗೊಳಗೇ ಬೀಗುತ್ತಿದ್ದೆ.

ತರಗತಿಯಲ್ಲಿ ಟೋಕಿಯೋದ ಮಿನಾಟೋ ಬಡಾವಣೆಯಿಂದ ತಮ್ಮನ ಜೊತೆ ಪಾಠಕ್ಕೆ ಕೂರುವ ಒಬ್ಬ ಹುಡುಗಿಯಿದ್ದಳು. ಕನ್ನಡದಲ್ಲಿ ಏನು ಕೇಳಿದರೂ ಜಪಾನಿಯಲ್ಲೇ ಉತ್ತರ. ಮೈಸೂರಿನಿಂದ ಅವಳ ಅಜ್ಜಿ ಬರುವವರಿದ್ದರು, ಅವರಿಗೆ ಕನ್ನಡ ಬಿಟ್ಟು ಬೇರೆ ಬಾರದು.

"ಅಮ್ಮ ಬರೋಷ್ಟರಲ್ಲಿ ಇವಳ ಬಾಯಿಂದ ಒಂದು ಸೆಂಟೆನ್ಸ್ ಆದ್ರೂ ಬಂದ್ರೆ ಸಾಕು ಮಿಸ್," ಎಂದಿದ್ದರು ಅವಳ ತಾಯಿ.

"ಬಿಡಿ, ಅದು ನನ್ನ ಜವಾಬ್ದಾರಿ," ಎಂದು ದೊಡ್ಡದಾಗಿ ಹೇಳಿದ್ದೆ.

ಆ ಶನಿವಾರ ಪಾಠದ ನಡುವೆಯೇ ನನಗೆ ಒಂದು ಹಳೇ ದೇವಸ್ಥಾನ ನೋಡುವ ಆತುರ. ಹೊಸ ಪದಗಳನ್ನು ಬಳಸಿ ವಾಕ್ಯ ಬರೆಯಿರಿ ಎಂದು ಮಕ್ಕಳಿಗೆ ಹೇಳಿ, ಕ್ಯಾಮೆರಾ ಆಫ್ ಮಾಡಿ, ಇಯರ್‌ಫೋನ್ ಕಿವಿಯಲ್ಲೇ ಬಿಟ್ಟು, ಗಂಡನ ಜೊತೆ ಟಿಕೆಟ್ ಸಾಲಿನಲ್ಲಿ ನಿಂತೆ. ಮೈಕನ್ನೂ ಆಫ್ ಮಾಡಿದ್ದೇನೆ ಎಂದುಕೊಂಡಿದ್ದೆ.

"ಕ್ಲಾಸ್ ಮುಗೀತಾ?" ಎಂದ ಗಂಡ.

"ಎಲ್ಲಿ ಮುಗಿಯತ್ತೆ? ಆ ಮಿನಾಟೋದವಳು ಇದಾಳಲ್ಲ, ಶುದ್ಧ ಮೊದ್ದು. ಕಲ್ಲಾದ್ರೂ ಇಷ್ಟೊತ್ತಿಗೆ ಮಾತಾಡಿರೋದು. ಪಾಪ ಅವರಜ್ಜಿ, ಬಂದು ಗೋಡೆ ಜೊತೆ ಮಾತಾಡ್ಕೋಬೇಕು ಅಷ್ಟೆ."

ನನ್ನ ದೊಡ್ಡ ಗಂಟಲಿಗೆ ಮುಂದಿದ್ದ ಜಪಾನಿ ಹೆಂಗಸು ತಿರುಗಿ ನೋಡಿದರು. ತಲೆಬಾಗಿ "ಸುಮಿಮಾಸೆನ್" ಎಂದೆ. ಕ್ಷಮೆ ಕೇಳಬೇಕಾಗಿದ್ದು ಅವರನ್ನಲ್ಲ.

"ಮಿಸ್, ಮೈಕ್ ಆನ್ ಇದೆ," ಎಂದಿತು ಕಿವಿಯೊಳಗೆ ಒಂದು ಮಗುವಿನ ದನಿ.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಗಂಡನನ್ನು ಬಿಟ್ಟರೆ ಈ ದೇಶದಲ್ಲಿ ನನ್ನ ಮಾತು ಅರ್ಥವಾಗುವವರು ಯಾರಾದರೂ ಇದ್ದರೆ ಅವರೆಲ್ಲ ನನ್ನ ಕಿವಿಯಲ್ಲೇ ಇದ್ದರು. ಸಾಲು ಬಿಟ್ಟು ಹೊರಗೆ ಬಂದು ಕ್ಯಾಮೆರಾ ಹಾಕಿದೆ. ಮಿನಾಟೋದ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ತಪ್ಪಾಯ್ತು ಪುಟ್ಟಿ ಎಂದೆ. ನನ್ನ ದನಿ ನನಗೇ ಅಸಹ್ಯವಾಯಿತು.

ಅವಳು ನಿಧಾನವಾಗಿ, ಒಂದೊಂದೇ ಪದ ಜೋಡಿಸಿ ಹೇಳಿದಳು: "ನಾನು ಮೊದ್ದು ಅಂತ ಅಜ್ಜಿಗೆ ಹೇಳಬೇಡಿ ಮಿಸ್."

ತಿದ್ದಲು ಅದರಲ್ಲಿ ಒಂದು ತಪ್ಪೂ ಇರಲಿಲ್ಲ. ದೇವಸ್ಥಾನ ನೋಡದೆ ರೂಮಿಗೆ ಹಿಂದಿರುಗಿದೆ. ಸಂಜೆ ಅವಳ ತಾಯಿ ಫೋನ್ ಮಾಡಿದರು.

"ಇವತ್ತು ಕನ್ನಡದಲ್ಲಿ ಮಾತಾಡಿದ್ಲಂತೆ, ಅವಳ ತಮ್ಮ ಹೇಳ್ದ. ತುಂಬ ಥ್ಯಾಂಕ್ಸ್ ಮಿಸ್. ಏನಂದ್ಲು ಅಂತ ಕೇಳಿದ್ರೆ ಇಬ್ರೂ ಬಾಯಿ ಬಿಡ್ತಿಲ್ಲ. ಏನಂದ್ಲು?"

"ಒಂದೂ ತಪ್ಪಿಲ್ಲದ ಸೆಂಟೆನ್ಸ್," ಎಂದಷ್ಟೇ ಹೇಳಿ ಫೋನಿಟ್ಟೆ.